ತಡವಾದ ಆಟಕ್ಕೆ ಯಾರ ದುಡ್ಡು?

2009ರ ಮೇ 6ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಗಾರ್ಲೆಂಡ್ ಎಂಬ ಊರಿನಲ್ಲಿ ಒಂದು ಗೇಮ್ ಸ್ಟುಡಿಯೊದವರೆಲ್ಲ ಸೇರಿ ಗ್ರೂಪ್ ಫೋಟೊ ತೆಗೆಸಿಕೊಂಡರು. ಪ್ರೋಗ್ರಾಮರ್‌ಗಳು, ಚಿತ್ರ ಬರೆಯುವವರು, ಲೆವೆಲ್ ಕಟ್ಟುವವರು, ಎಲ್ಲರೂ ಇದ್ದರು. ಆಟ ಮುಗಿದ ಸಂತೋಷಕ್ಕೆ ಇಂಥ ಫೋಟೊ ತೆಗೆಸಿಕೊಳ್ಳುವುದುಂಟು. ಇವರ ಆಟ ಮುಗಿದಿರಲಿಲ್ಲ. ಅದನ್ನು ಘೋಷಿಸಿ ಹನ್ನೆರಡು ವರ್ಷ ಕಳೆದಿತ್ತು, ಅವತ್ತು ದುಡ್ಡು ಮುಗಿದಿತ್ತು. ಫೋಟೊ ಆದ ಮೇಲೆ ಒಬ್ಬೊಬ್ಬರಾಗಿ ಮನೆಗೆ ಹೋದರು.

ಸ್ಟುಡಿಯೊದ ಹೆಸರು ತ್ರೀಡಿ ರೆಲ್ಮ್ಸ್, ಆಟ ಡ್ಯೂಕ್ ನ್ಯೂಕೆಮ್ ಫಾರೆವರ್. 'ಬರುತ್ತೆ, ಬರುತ್ತೆ' ಎಂದು ಹೇಳಿಸಿಕೊಂಡೇ ವರ್ಷಗಟ್ಟಲೆ ಬಾರದ ಆಟಗಳ ಮಾತು ಬಂದಾಗ ಇವತ್ತಿಗೂ ಮೊದಲು ನೆನಪಾಗುವುದು ಇದೇ ಹೆಸರು.

ಈಗ ಅದನ್ನು ಎತ್ತಲು ಕಾರಣವಿದೆ. ಗ್ರ್ಯಾಂಡ್ ಥೆಫ್ಟ್ ಆಟೊ (ಜಿಟಿಎ) ಎಂಬ ಹೆಸರಾಂತ ಆಟದ ಸರಣಿಯಲ್ಲಿ ಮುಂದೆ ಬರಬೇಕಾದ ಜಿಟಿಎ 6, 2025ರಲ್ಲಿ ಎರಡು ಸಲ ಮುಂದಕ್ಕೆ ಹೋಯಿತು: ಮೊದಲು 2026ರ ಮೇ ತಿಂಗಳಿಗೆ, ಆಮೇಲೆ ಅದೇ ವರ್ಷದ ನವೆಂಬರ್ 19ಕ್ಕೆ. ಅದನ್ನು ಮಾಡುತ್ತಿರುವ ಕಂಪನಿ ಗಟ್ಟಿಯಾಗಿಯೇ ನಿಂತಿದೆ. ಅದಕ್ಕೆ ಎರಡು ವರ್ಷ ಮೊದಲು 'ದಿ ಡೇ ಬಿಫೋರ್' ಎಂಬ ಆಟ ಹಲವು ಸಲ ಮುಂದೂಡಿಕೆಯಾಗಿ ಅಂತೂ ಬಂತು. ಬಂದ ನಾಲ್ಕೇ ದಿನಕ್ಕೆ ಸ್ಟುಡಿಯೊ ಬಾಗಿಲು ಹಾಕಿತು. ಎರಡೂ ಕಡೆ ತಡವಾಗಿದೆ, ಒಂದು ಮಾತ್ರ ಮುಳುಗಿದೆ. ಆಟ ಯಾಕೆ ತಡವಾಯಿತು ಎಂದು ಎಲ್ಲರೂ ಕೇಳುತ್ತಾರೆ. ತಡವಾದಷ್ಟೂ ದಿನ ಸಂಬಳ ಕೊಟ್ಟದ್ದು ಯಾರ ದುಡ್ಡಿನಲ್ಲಿ ಎಂದು ಕೇಳಿದರೆ ಹೆಚ್ಚು ಅರ್ಥವಾಗುತ್ತದೆ ಎಂಬುದು ನನ್ನ ಅನಿಸಿಕೆ. ಸ್ಟುಡಿಯೊ ಯಾವಾಗ ಬೀಳುತ್ತದೆ, ಬಿದ್ದಾಗ ಯಾರಿಗೆ ಪೆಟ್ಟಾಗುತ್ತದೆ ಎಂಬುದೆರಡೂ ಆ ಪ್ರಶ್ನೆಯೊಳಗೇ ಇವೆ.

ಲೆಕ್ಕ ಬಹಳ ಸರಳ. ಗೇಮ್ ಸ್ಟುಡಿಯೊದ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳ. ಒಂದು ತಿಂಗಳು ತಡವಾದರೆ ಒಂದು ತಿಂಗಳ ಸಂಬಳ, ಬಾಡಿಗೆ ಹೆಚ್ಚುವರಿ. ಆಟ ಮಾರಾಟಕ್ಕೆ ಬರುವ ತನಕ ಅದರಿಂದ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಈ ನಡುವಿನ ಕಾಲವನ್ನು ಸಾಮಾನ್ಯವಾಗಿ ಪಬ್ಲಿಷರ್, ಅಂದರೆ ಆಟವನ್ನು ಮಾರುಕಟ್ಟೆಗೆ ತರುವ ಕಂಪನಿಗಳು ನೀಗಿಸುತ್ತವೆ. ಮನೆ ಕಟ್ಟಿಸಿದವರಿಗೆ ಇದು ಗೊತ್ತಿರುವ ವ್ಯವಹಾರವೇ: ಪಾಯ ಮುಗಿದಾಗ ಇಷ್ಟು, ಲಿಂಟಲ್ ಮಟ್ಟಕ್ಕೆ ಬಂದಾಗ ಇಷ್ಟು, ಮೋಲ್ಡ್ ಹಾಕಿದ ಮೇಲೆ ಇಷ್ಟು ಎಂದು ಮೇಸ್ತ್ರಿಗೆ ಕೊಡುತ್ತೇವಲ್ಲ, ಹಾಗೆ. ಗೇಮ್‌ನವರು ಅದನ್ನು ಮೈಲ್‌ಸ್ಟೋನ್ ಅನ್ನುತ್ತಾರೆ. ಒಪ್ಪಿಕೊಂಡ ಹಂತ ಮುಗಿದಿದೆಯೇ ಎಂದು ಪಬ್ಲಿಷರ್ ಕಡೆಯವರು ಬಂದು ನೋಡಿ, ಸರಿ ಅಂದ ಮೇಲೆ ಕಂತಿನ ಹಣ. ಸ್ಟುಡಿಯೊದವರಿಗೆ ಇದು ಕಿರಿಕಿರಿ. ಆದರೆ ಕೆಲಸ ಎಲ್ಲಿಗೆ ಬಂತು ಎಂದು ನಿಯಮಿತವಾಗಿ ಕೇಳುವ ಹೊರಗಿನವರೊಬ್ಬರು ಇದ್ದೇ ಇರುತ್ತಾರೆ.

ತ್ರೀಡಿ ರೆಲ್ಮ್ಸ್‌ನಲ್ಲಿ ಹಾಗೆ ಕೇಳುವವರು ಇರಲಿಲ್ಲ. ಸ್ಕಾಟ್ ಮಿಲ್ಲರ್ 1987ರಲ್ಲಿ ಅಪೋಜಿ ಎಂಬ ಹೆಸರಿನಲ್ಲಿ ಶುರು ಮಾಡಿದ ಕಂಪನಿ ಅದು. ಜಾರ್ಜ್ ಬ್ರೂಸಾರ್ಡ್ ಆಮೇಲೆ ಪಾಲುದಾರರಾದರು. ಆಟದ ಮೊದಲ ಭಾಗವನ್ನು ಪುಕ್ಕಟೆ ಹಂಚುವುದು, ರುಚಿ ಹತ್ತಿದವರಿಗೆ ಉಳಿದ ಭಾಗ ಮಾರುವುದು ಮಿಲ್ಲರ್ ಹಿಡಿದ ದಾರಿ. ಅದಕ್ಕೆ ಶೇರ್‌ವೇರ್ ಎಂದು ಹೆಸರು. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಫ್ಲಾಪಿಯಿಂದ ಫ್ಲಾಪಿಗೆ ಕಾಪಿ ಆಗುತ್ತಾ ಬಂದ ಆಟಗಳಲ್ಲಿ ಬಹಳಷ್ಟು ಈ ಬಗೆಯವು. ದುಡ್ಡು ನೇರವಾಗಿ ಆಡುವವರಿಂದಲೇ ಬರುತ್ತಿದ್ದುದರಿಂದ ಇವರಿಗೆ ಪಬ್ಲಿಷರ್ ಹಂಗು ಅಷ್ಟಾಗಿ ಬೇಕಿರಲಿಲ್ಲ. 1996ರ ಜನವರಿಯಲ್ಲಿ ಬಂದ ಡ್ಯೂಕ್ ನ್ಯೂಕೆಮ್ ತ್ರೀಡಿ ಅವರಿಗೆ ಧಾರಾಳ ದುಡ್ಡು ತಂದಿತು. 1997ರ ಏಪ್ರಿಲ್‌ನಲ್ಲಿ ಮುಂದಿನ ಆಟ ಘೋಷಿಸಿದಾಗ ಅದರ ಖರ್ಚು ತಮ್ಮದೇ ಎಂದರು. ಯಾವಾಗ ಬರುತ್ತದೆ ಎಂಬುದಕ್ಕೆ ಅವರ ಉತ್ತರ 'ಆದಾಗ' ಎಂಬ ಒಂದೇ ಮಾತು.

ಆ ಉತ್ತರ ನನಗೆ ತಪ್ಪಾಗಿ ಕಾಣುವುದಿಲ್ಲ. ಅರೆಬೆಂದ ಆಟವನ್ನು ತಟ್ಟೆಗೆ ಹಾಕದೆ ಕಾಯುವ ಹಟ ಒಳ್ಳೆಯದೇ. ಕೆಟ್ಟದ್ದು ಮುಂದೆ ಆಯಿತು.

ಮೊದಲು ಕ್ವೇಕ್ 2 ಎಂಬ ಬೇರೆಯವರ ಆಟದ ಎಂಜಿನ್ ಮೇಲೆ ಕೆಲಸ ಶುರು ಮಾಡಿದರು. ಎಂಜಿನ್ ಅಂದರೆ ಆಟದ ಪಾಯ: ಗೋಡೆ ಹೇಗೆ ಕಾಣಬೇಕು, ಬೆಳಕು ಎಲ್ಲಿ ಬೀಳಬೇಕು, ಗುಂಡು ತಗುಲಿದ್ದು ಹೇಗೆ ಗೊತ್ತಾಗಬೇಕು ಎಲ್ಲವೂ ಅದರ ಕೆಲಸ. 1998ರ ಮೇನಲ್ಲಿ ಇ3 ಎಂಬ ಗೇಮ್ ಮೇಳದಲ್ಲಿ ಆಟ ತೋರಿಸಿ ಭೇಷ್ ಎನ್ನಿಸಿಕೊಂಡರು. ಕೆಲವೇ ವಾರಕ್ಕೆ, ಅನ್‌ರಿಯಲ್ ಎಂಜಿನ್ ಇದಕ್ಕಿಂತ ಚೆನ್ನಾಗಿದೆ, ಅದಕ್ಕೆ ಹೋಗುತ್ತೇವೆ ಎಂದರು. ಒಂದೂವರೆ ತಿಂಗಳಷ್ಟೇ ತಡವಾಗಬಹುದು ಎಂಬುದು ಬ್ರೂಸಾರ್ಡ್ ಅಂದಾಜು. ಲಿಂಟಲ್ ಮಟ್ಟಕ್ಕೆ ಬಂದ ಮನೆಯ ಪಾಯ ಬದಲಿಸಲು ಹೊರಟವರಿಗೆ ಒಂದೂವರೆ ತಿಂಗಳು ಎಲ್ಲಿ ಸಾಕಾದೀತು? ಕಟ್ಟಿದ್ದರಲ್ಲಿ ಬಹುಪಾಲು ಕೆಡವಬೇಕಾಯಿತು. 2001ರ ಇ3ಯಲ್ಲಿ ತೋರಿಸಿದ ಟ್ರೇಲರ್ ಮತ್ತೆ ಎಲ್ಲರ ಬಾಯಲ್ಲೂ ನೀರೂರಿಸಿತು, ಆಟ ಮಾತ್ರ ಬರಲಿಲ್ಲ. ಆಮೇಲೆ ಅದನ್ನೂ ಬದಿಗಿಟ್ಟು ಎಂಜಿನ್‌ನ ಭಾಗಗಳನ್ನು ತಾವೇ ಹೊಸದಾಗಿ ಬರೆಯತೊಡಗಿದರು. ಬೇರೆಯವರ ಹೊಸ ಆಟದಲ್ಲಿ ಹಿಮ ಸುರಿಯುವ ಜಾಗ ಚೆನ್ನಾಗಿ ಕಂಡರೆ ನಮ್ಮಲ್ಲೂ ಹಿಮ ಬೇಕು. ಹೀಗೆ ಒಂದರ ಮೇಲೊಂದು. ಬ್ರೂಸಾರ್ಡ್‌ಗೆ ಅಭಿರುಚಿಯ ಕೊರತೆ ಇರಲಿಲ್ಲ. ಒಳ್ಳೆಯದು ಕಂಡರೆ ಗುರುತಿಸುವ ಕಣ್ಣು ಅವರಿಗಿತ್ತು, ಅದೇ ಕೆಲಸ ನಿಲ್ಲದಂತೆ ಮಾಡಿತು. ಕಂತು ತಡೆಹಿಡಿಯುವ ಪಬ್ಲಿಷರ್ ಇದ್ದಿದ್ದರೆ ಮೂರನೇ ಬದಲಾವಣೆಗೆ ಬೇಡ ಎನ್ನುವವರೊಬ್ಬರು ಸಿಗುತ್ತಿದ್ದರು.

ಪಬ್ಲಿಷರ್ ಹೆಸರಿಗೆ ಇತ್ತು. 2000ದ ಕೊನೆಯಲ್ಲಿ ಟೇಕ್-ಟೂ ಕಂಪನಿ ಈ ಆಟವನ್ನು ಪ್ರಕಟಿಸುವ ಹಕ್ಕನ್ನು ಬೇರೆಯವರಿಂದ ಕೊಂಡುಕೊಂಡಿತು. ಆದರೆ ತಿಂಗಳ ಸಂಬಳ ಅದರ ಜೇಬಿನಿಂದ ಹೋಗದ ಕಾರಣ ಒಳಗೆ ಅದರ ಮಾತು ನಡೆಯುತ್ತಿರಲಿಲ್ಲ. 2003ರಲ್ಲಿ ಆಟ ಈ ವರ್ಷ ಬರುವುದಿಲ್ಲ ಎಂದು ಹೇಳಿ 55 ಲಕ್ಷ ಡಾಲರ್ ನಷ್ಟಕ್ಕೆ ಬರೆದುಕೊಂಡಿತು. ಆಗ ಆಟದ ಮೇಲೆ ಕೆಲಸ ಮಾಡುತ್ತಿದ್ದವರು ಹದಿನೆಂಟೇ ಜನ. ಈ ಸಂಖ್ಯೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ದೊಡ್ಡ ಆಟಗಳಿಗೆ ಐವತ್ತು, ನೂರು ಜನ ಬೇಕಾಗುತ್ತಿದ್ದ ಕಾಲ ಅದು. ಸ್ವಂತ ದುಡ್ಡಾದ್ದರಿಂದ ಕೈ ಬಿಗಿಹಿಡಿದು ಚಿಕ್ಕ ತಂಡ ಇಟ್ಟರು, ಚಿಕ್ಕ ತಂಡವಾದ್ದರಿಂದ ಕೆಲಸ ಎಳೆಯಿತು, ಎಳೆದಷ್ಟೂ ತಂತ್ರಜ್ಞಾನ ಮುಂದೆ ಓಡಿತು, ಓಡಿದ್ದನ್ನು ಹಿಡಿಯಲು ಮತ್ತೆ ಮೊದಲಿನಿಂದ. ಎತ್ತು ಗಾಣ ಸುತ್ತಿದ ಹಾಗೆ. ಬೇರೆ ಕಡೆ ಸಿಗುವುದಕ್ಕಿಂತ ಕಡಿಮೆ ಸಂಬಳಕ್ಕೆ, ಆಟ ಬಂದ ಮೇಲೆ ಲಾಭದಲ್ಲಿ ಪಾಲು ಸಿಗುತ್ತದೆಂದು ನಂಬಿ ಕೂತವರು ಅಲ್ಲಿದ್ದರು. ವಯಸ್ಸಿನ ಒಳ್ಳೆಯ ವರ್ಷಗಳು ಕಳೆದರೂ 'ನಾನು ಮಾಡಿದ್ದು' ಎಂದು ತೋರಿಸಲು ಕೈಯಲ್ಲಿ ಒಂದು ಆಟವಿಲ್ಲ. 2006ರ ಹೊತ್ತಿಗೆ ಒಬ್ಬೊಬ್ಬರಾಗಿ ಬಿಟ್ಟು ಹೋಗತೊಡಗಿದರು. ಈ ನಷ್ಟವನ್ನು ಯಾವ ಕಂಪನಿಯ ಖಾತೆ ಪುಸ್ತಕದಲ್ಲೂ ಬರೆದಿಡುವುದಿಲ್ಲ. ಈ ಕತೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಅದೇ.

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು. ಮ್ಯಾಕ್ಸ್ ಪೇನ್‌ನಂಥ, ಬೇರೆ ಸ್ಟುಡಿಯೊದವರು ಮಾಡಿದ ಆಟಗಳಲ್ಲಿ ಇವರಿಗಿದ್ದ ಪಾಲಿನಿಂದ ಬಂದ ಹಣವೂ ಇದಕ್ಕೇ ಸುರಿಯಿತು. ತಮ್ಮ ಕೈಯಿಂದಲೇ 2 ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾಗಿದೆ ಎಂದು ಕೊನೆಗೆ ಅವರೇ ಹೇಳಿದರು. ಮುಗಿಸಲು ಇನ್ನು 60 ಲಕ್ಷ ಡಾಲರ್ ಬೇಕೆಂದು ಟೇಕ್-ಟೂ ಮುಂದೆ ಹೋದರು. ಈಗ 25 ಲಕ್ಷ, ಮುಗಿಸಿದ ಮೇಲೆ 25 ಲಕ್ಷ ಎಂಬುದು ಅವರಿಂದ ಬಂದ ಉತ್ತರ. ಮಾತು ಮುರಿಯಿತು. ಆಮೇಲೆಯೇ ಆ ಮೇ 6ರ ಫೋಟೊ. ಕೆಲವೇ ದಿನಕ್ಕೆ ಟೇಕ್-ಟೂ ಮೊಕದ್ದಮೆ ಹೂಡಿತು, ಇವರು ಎದುರು ಮೊಕದ್ದಮೆ ಹಾಕಿದರು, 2010ರಲ್ಲಿ ರಾಜಿಯಾಯಿತು.

ಅಷ್ಟರಲ್ಲಿ ಕೆಲಸ ಕಳೆದುಕೊಂಡ ಬೆರಳೆಣಿಕೆಯ ಜನ ಟ್ರಿಪ್ಟಿಕ್ ಎಂಬ ಪುಟ್ಟ ಕಂಪನಿ ಮಾಡಿಕೊಂಡು ಮನೆಯಲ್ಲಿ ಕೂತು ಅದೇ ಆಟವನ್ನು ಮುಂದುವರಿಸುತ್ತಿದ್ದರು. ಹಿಂದೊಮ್ಮೆ ತ್ರೀಡಿ ರೆಲ್ಮ್ಸ್‌ನಲ್ಲೇ ದುಡಿದಿದ್ದ ರ‍್ಯಾಂಡಿ ಪಿಚ್‌ಫೋರ್ಡ್ ತಮ್ಮ ಗೇರ್‌ಬಾಕ್ಸ್ ಕಂಪನಿಯಿಂದ ಆಟವನ್ನು ಕೊಂಡು 2011ರ ಜೂನ್‌ನಲ್ಲಿ ಹೊರತಂದರು. ಘೋಷಣೆಯಿಂದ ಬಿಡುಗಡೆಗೆ 14 ವರ್ಷ 44 ದಿನ. ಗಿನ್ನೆಸ್ ಪುಸ್ತಕಕ್ಕೆ ಹೋಯಿತು. ವಿಮರ್ಶಕರು ಮೆಚ್ಚಲಿಲ್ಲ. ಒಂದೇ ಒಂದು ಸಂಗತಿ ನೋಡಿದರೂ ಕಾಲ ಆ ಆಟಕ್ಕೆ ಏನು ಮಾಡಿತು ಎಂದು ತಿಳಿಯುತ್ತದೆ. 1996ರ ಆಟದ ನಾಯಕ ಡ್ಯೂಕ್ ತನ್ನಲ್ಲಿದ್ದ ಆಯುಧಗಳನ್ನೆಲ್ಲ ಹೊತ್ತು ತಿರುಗುತ್ತಿದ್ದ, ಬೇಕಾದಾಗ ಬೇಕಾದದ್ದನ್ನು ತೆಗೆಯುತ್ತಿದ್ದ. ಆ ಆಟದ ಮಜವೇ ಅದು. ನಡುವೆ ಹೇಲೋ ಎಂಬ ಆಟ ಬಂದು ಎರಡೇ ಆಯುಧ ಹಿಡಿದು ಓಡಾಡುವ ಪದ್ಧತಿ ಎಲ್ಲೆಡೆ ಹಬ್ಬಿತು. 2011ರ ಡ್ಯೂಕ್ ಕೈಯಲ್ಲೂ ಎರಡೇ. ಜನ ಗೊಣಗಿದ ಮೇಲೆ ಪಿಸಿಯಲ್ಲಿ ಅದನ್ನು ನಾಲ್ಕಕ್ಕೆ ಏರಿಸಿದರು. ಹಳಬರಿಗೆ ಅದು ತಮ್ಮ ಡ್ಯೂಕ್ ಅನ್ನಿಸಲಿಲ್ಲ, ಹೊಸಬರಿಗೆ ಹಳಸಲು ಅನ್ನಿಸಿತು.

ಇಷ್ಟು ಸ್ವಂತ ದುಡ್ಡಿನ ಕತೆ. ಕೇಳುವವರಿಲ್ಲದೆ ಹನ್ನೆರಡು ವರ್ಷ ನಡೆಯಿತು, ಬಿದ್ದಾಗ ಮಾಲೀಕರ ಕುಡಿಕೆ ಬರಿದಾಯಿತು, ಕೆಲಸಗಾರರ ವಯಸ್ಸು ಹೋಯಿತು. ಸಾಲದ ದುಡ್ಡಿನಲ್ಲಿ ಇಷ್ಟು ದೂರ ಬರಲು ಆಗುತ್ತಿರಲಿಲ್ಲ. 38 ಸ್ಟುಡಿಯೋಸ್ ಅದಕ್ಕೆ ಸಾಕ್ಷಿ.

ಬಾಸ್ಟನ್ನಿನ ಬೇಸ್‌ಬಾಲ್ ತಂಡಕ್ಕೆ 2004ರಲ್ಲಿ ಪಟ್ಟ ಗೆದ್ದುಕೊಡಲು ನೆರವಾದ ಕರ್ಟ್ ಶಿಲಿಂಗ್ ಎಂಬ ಆಟಗಾರ 2006ರಲ್ಲಿ ಕಟ್ಟಿದ ಸ್ಟುಡಿಯೊ ಇದು. ಸಾವಿರಾರು ಜನ ಆನ್‌ಲೈನ್‌ನಲ್ಲಿ ಒಟ್ಟಿಗೆ ಆಡುವ ಮಹಾ ಆಟವೊಂದನ್ನು ಮಾಡುವ ಕನಸು. ಅದಕ್ಕೆ ಕೊಪರ್ನಿಕಸ್ ಎಂದು ಒಳಹೆಸರು. ನೆರೆಯ ರೋಡ್ ಐಲೆಂಡ್ ರಾಜ್ಯ, ನಮ್ಮಲ್ಲಿಗೆ ಬನ್ನಿ, ಉದ್ಯೋಗ ಕೊಡಿ, 7.5 ಕೋಟಿ ಡಾಲರ್ ಸಾಲಕ್ಕೆ ನಾವು ಜಾಮೀನು ನಿಲ್ಲುತ್ತೇವೆ ಎಂದಿತು. 2011ರಲ್ಲಿ ಸ್ಟುಡಿಯೊ ಪ್ರಾವಿಡೆನ್ಸ್ ನಗರಕ್ಕೆ ಹೋಯಿತು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂದು ತೀರ್ಪು ಕೊಟ್ಟುಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಶಿಲಿಂಗ್ ತಾನು ಆಡಿ ಗಳಿಸಿದ್ದರಲ್ಲಿ ಸುಮಾರು 5 ಕೋಟಿ ಡಾಲರ್ ಇದಕ್ಕೆ ಹಾಕಿರುವುದಾಗಿ ಹೇಳಿದ್ದಾನೆ. 2004ರಲ್ಲಿ ಕಾಲಿನಿಂದ ರಕ್ತ ಒಸರುತ್ತಿದ್ದರೂ ಆಡಿದಾಗ ಹಾಕಿದ್ದ ಕಾಲುಚೀಲ ಅಲ್ಲಿನವರಿಗೆ ಪೂಜ್ಯ ವಸ್ತುವಿನ ಹಾಗೆ. ಸಾಲ ತೀರಿಸಲು ಅದನ್ನೂ ಹರಾಜಿಗೆ ಬಿಟ್ಟ. 2013ರಲ್ಲಿ 92,613 ಡಾಲರ್‌ಗೆ ಹೋಯಿತು.

ಆದರೆ ಸಾಲಕ್ಕೆ ಕಂತಿದೆ, ಕಂತಿಗೆ ತಾರೀಖಿದೆ. 2012ರ ಫೆಬ್ರವರಿಯಲ್ಲಿ ಕಂಪನಿಯ ಇನ್ನೊಂದು ಆಟ ಕಿಂಗ್‌ಡಮ್ಸ್ ಆಫ್ ಅಮಲೂರ್ ಬಂತು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಿದರೂ ಖರ್ಚು ಗಿಟ್ಟಲು ಮೂವತ್ತು ಲಕ್ಷ ಮಾರಬೇಕಿತ್ತು ಎಂದು ರಾಜ್ಯದ ಗವರ್ನರ್ ಲಿಂಕನ್ ಚೇಫಿ ಹೇಳಿದರು. ಕೊಪರ್ನಿಕಸ್ ಬರಲು ಇನ್ನೂ ಒಂದು ವರ್ಷ ಬೇಕಿತ್ತು. ಮೇ ತಿಂಗಳ 11.25 ಲಕ್ಷ ಡಾಲರ್ ಕಂತು ತಪ್ಪಿತು. ಆಮೇಲೆ ತಂದುಕೊಟ್ಟ ಚೆಕ್ ಖಾತೆಯಲ್ಲಿ ಹಣವಿಲ್ಲದೆ ವಾಪಸಾಯಿತು. ಅಂತೂ ಕಂತು ಕಟ್ಟಿದರು. ಮೇ 15ಕ್ಕೆ ಬರಬೇಕಿದ್ದ ಸಂಬಳ ಮಾತ್ರ ಕೆಲಸಗಾರರಿಗೆ ಬರಲಿಲ್ಲ. ಮೇ 24ರಂದು 379 ಜನರನ್ನೂ ತೆಗೆದು ಹಾಕಲಾಗಿದೆ ಎಂದು ಇ-ಮೇಲ್ ಬಂತು. ಜೂನ್ 7ಕ್ಕೆ ದಿವಾಳಿ ಅರ್ಜಿ. ಅದರಲ್ಲಿ ತೋರಿಸಿದ ಸಾಲ 15 ಕೋಟಿ ಡಾಲರ್‌ಗೂ ಮೇಲೆ.

ಕಂಪನಿಯ ಮಾತು ಕೇಳಿ ಊರು ಬದಲಿಸಿದ್ದವರ ಪಾಡು ಇನ್ನೊಂದು. ಹಳೆಯ ಊರಿನ ನಿಮ್ಮ ಮನೆ ಮಾರುವ ಜವಾಬ್ದಾರಿ ನಮ್ಮದು ಎಂದು ಕಂಪನಿ ಹೇಳಿತ್ತು. ಕೆಲಸ ಹೋದ ಮೇಲೆ ಕೆಲವರಿಗೆ ಗೊತ್ತಾಯಿತು: ಮನೆ ಮಾರಾಟವಾಗೇ ಇಲ್ಲ, ಅದರ ಸಾಲ ಇನ್ನೂ ತಮ್ಮ ಹೆಸರಲ್ಲೇ ಇದೆ. ಕೈಯಲ್ಲಿ ಸಂಬಳವಿಲ್ಲ, ತಲೆ ಮೇಲೆ ಎರಡು ಮನೆ. ಉಳಿದಿದ್ದ ಸಂಬಳದಲ್ಲಿ ಒಂದಿಷ್ಟು ಅವರ ಕೈಸೇರಿದ್ದು 2021ರಲ್ಲಿ, ಒಂಬತ್ತು ವರ್ಷದ ನಂತರ, ಅದೂ ಕಾಲುಭಾಗಕ್ಕಿಂತ ಕಡಿಮೆ. ರಾಜ್ಯ ಸರ್ಕಾರ ಬ್ಯಾಂಕು, ವಕೀಲರು ಮುಂತಾದವರ ಮೇಲೆ ದಾವೆ ಹೂಡಿ ರಾಜಿಗಳಲ್ಲಿ ಸುಮಾರು 6.1 ಕೋಟಿ ಡಾಲರ್ ವಾಪಸು ಪಡೆಯಿತು. ಸರ್ಕಾರದ ಬೆನ್ನಿಗೆ ವಕೀಲರಿದ್ದರು, ಕೆಲಸಗಾರರು ಸಾಲಿನ ಕೊನೆಯಲ್ಲಿ ನಿಂತರು.

ಮೂರನೆಯದು ಕೊಳ್ಳುವವರ ದುಡ್ಡು. ದಿ ಡೇ ಬಿಫೋರ್ ಅನ್ನು 2021ರ ಜನವರಿಯಲ್ಲಿ ಘೋಷಿಸಿದವರು ಫ್ಯಾಂಟಾಸ್ಟಿಕ್ ಎಂಬ ಸ್ಟುಡಿಯೊದವರು. ರಷ್ಯಾದ ಯಾಕುತಿಯಾ ಮೂಲದ ಅಣ್ಣತಮ್ಮಂದಿರು ಕಟ್ಟಿದ್ದು. 2022ರ ಜೂನ್ ಅಂದರು, 2023ರ ಮಾರ್ಚ್ ಅಂದರು, ಹೆಸರಿನ ಟ್ರೇಡ್‌ಮಾರ್ಕ್ ತಕರಾರು ಅಂದರು, ನವೆಂಬರ್ ಅಂದರು. ಡಿಸೆಂಬರ್ 7ರಂದು 40 ಡಾಲರ್ ಬೆಲೆಗೆ ಮಾರಾಟಕ್ಕಿಟ್ಟರು. ವಿಶಾಲವಾದ ಆನ್‌ಲೈನ್ ಲೋಕ ಎಂದು ಹೇಳಿದ್ದರು, ಆಡಿದವರಿಗೆ ಅದು ಸಿಗಲಿಲ್ಲ. ಡಿಸೆಂಬರ್ 11ಕ್ಕೆ ಸ್ಟುಡಿಯೊ ಮುಚ್ಚಿದೆ, ಬಂದ ಹಣವೆಲ್ಲ ಸಾಲ ತೀರಿಸಲು ಎಂಬ ಪ್ರಕಟಣೆ ಬಂತು. 2024ರ ಜನವರಿ 22ಕ್ಕೆ ಸರ್ವರ್ ನಿಂತವು. ಸರ್ವರ್ ನಿಂತರೆ ಇಂಥ ಆಟ ಶೂನ್ಯ. ಅಂಗಡಿಯಿಂದ ತಂದ ಸಿ.ಡಿ.ಯ ಹಾಗೆ ಕಪಾಟಿನಲ್ಲಿಟ್ಟು ಹತ್ತು ವರ್ಷದ ನಂತರ ಹಾಕಿ ನೋಡಲು ಬರುವುದಿಲ್ಲ.

ಇಲ್ಲಿ ಕೊಂಡವರಿಗೆ ದುಡ್ಡು ವಾಪಸು ಬಂತು. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಆದ ಮಾರಾಟದ ಹಣವನ್ನು ಸ್ಟುಡಿಯೊಗೆ ಕೊಡುವುದು ಮುಂದಿನ ತಿಂಗಳು. ಅಷ್ಟರೊಳಗೆ ಎಲ್ಲವೂ ಮುಗಿದದ್ದರಿಂದ ದುಡ್ಡು ಇನ್ನೂ ಅಂಗಡಿಯವರ ಗಲ್ಲಾದಲ್ಲೇ ಇತ್ತು. ಸಾಮಾನ್ಯವಾಗಿ ಎರಡು ಗಂಟೆಗಿಂತ ಕಡಿಮೆ ಆಡಿ ಹದಿನಾಲ್ಕು ದಿನದೊಳಗೆ ಕೇಳಿದರೆ ಮಾತ್ರ ಸ್ಟೀಮ್ ಹಣ ಹಿಂತಿರುಗಿಸುತ್ತದೆ, ಈ ಆಟಕ್ಕೆ ಆ ಮಿತಿ ಸಡಿಲಿಸಿದರು. ಸ್ಟುಡಿಯೊ ಆರು ತಿಂಗಳು ಉಸಿರು ಹಿಡಿದಿದ್ದರೆ ಕೊಂಡವರ ಕತೆ ಬೇರೆಯೇ ಆಗುತ್ತಿತ್ತು. ಆಟ ಬರುವ ಮೊದಲೇ ದುಡ್ಡು ಕಟ್ಟಬೇಡಿ ಎಂದು ನನ್ನ ಸುತ್ತಲಿನ ಹುಡುಗರಿಗೆ ನಾನು ಹೇಳುತ್ತಲೇ ಇರುತ್ತೇನೆ.

ಇದೆಲ್ಲ ದೂರದ ಊರುಗಳ ಸುದ್ದಿ ಎಂದುಕೊಳ್ಳುವ ಹಾಗಿಲ್ಲ, ಬೆಂಗಳೂರಿಗೂ ಇದರ ಬಿಸಿ ತಾಗಿದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್‌ಆಕ್ಟಿವ್ ಭಾರತದ ಮೊದಲ ಗೇಮ್ ಕಂಪನಿಗಳಲ್ಲಿ ಒಂದು. ಫೋರ್ಜಾದಂಥ ಹೆಸರಾಂತ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟು ಬೆಳೆದ ಕಂಪನಿಯಲ್ಲಿ 2017ರ ಹೊತ್ತಿಗೆ ಮುನ್ನೂರಕ್ಕೂ ಹೆಚ್ಚು ಜನರಿದ್ದರು. ಆ ವರ್ಷ ಸ್ಟಾಕ್‌ಹೋಮ್‌ನ ಸ್ಟಾರ್‌ಬ್ರೀಜ್ ಎಂಬ ಕಂಪನಿ ಅದರ ಬಹುಪಾಲನ್ನು ಕೊಂಡಿತು.

ಸ್ಟಾರ್‌ಬ್ರೀಜ್‌ನವರು ಪೇಡೇ 2 ಎಂಬ ಆಟದಲ್ಲಿ ಚೆನ್ನಾಗಿ ಗಳಿಸಿದ್ದರು. 2014ರಲ್ಲಿ ವಾಕಿಂಗ್ ಡೆಡ್ ಹೆಸರಿನಲ್ಲಿ ಹೊಸ ಆಟ ಘೋಷಿಸಿದರು. 2016ಕ್ಕೆ ಬರಬೇಕಿದ್ದದ್ದು 2017ಕ್ಕೆ ಹೋಯಿತು, ಅಲ್ಲಿಂದ 2018ಕ್ಕೆ. ಇಲ್ಲೂ ಪಾಯದ್ದೇ ತೊಡಕು: 2015ರಲ್ಲಿ ವಲ್‌ಹಲ್ಲಾ ಎಂಬ ಎಂಜಿನ್ ಕೊಂಡು ಅದರ ಜತೆ ಹೆಣಗಿ, ಕೊನೆಗೆ ಅದನ್ನು ಬಿಟ್ಟು ಅನ್‌ರಿಯಲ್‌ಗೆ ಬಂದರು. ಇಪ್ಪತ್ತು ವರ್ಷ ಹಿಂದೆ ಗಾರ್ಲೆಂಡ್‌ನಲ್ಲಿ ಆದದ್ದೇ ಮತ್ತೆ. ಜತೆಗೆ ವಿ.ಆರ್. ಹೆಡ್‌ಸೆಟ್, ಬೇರೆ ಸ್ಟುಡಿಯೊಗಳ ಆಟಕ್ಕೆ ಹಣ ಹೂಡುವುದು, ಹೀಗೆ ಹತ್ತು ಕಡೆ ಕೈ. 2018ರ ನವೆಂಬರ್ 6ಕ್ಕೆ ಆಟ ಬಂತು, ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. ತಿಂಗಳು ತುಂಬುವ ಮೊದಲೇ, ಡಿಸೆಂಬರ್ 3ರಂದು, ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ಕಂಪನಿ ಕೋರ್ಟಿಗೆ ಹೋಯಿತು. ಕಂಪನಿ ಸಾಯಲಿಲ್ಲ, ಕೈಗೆ ಸಿಕ್ಕದ್ದನ್ನೆಲ್ಲ ಮಾರಿಕೊಂಡು ಉಳಿಯಿತು. ಮಾರಿದ್ದರಲ್ಲಿ ಧ್ರುವ ಒಂದು.

ಆ ಎಂಜಿನ್ ಕೊಳ್ಳುವ ತೀರ್ಮಾನ ಆದಾಗ ಧ್ರುವ ಇನ್ನೂ ಸ್ಟಾರ್‌ಬ್ರೀಜ್‌ನದಾಗಿರಲೇ ಇಲ್ಲ. ಆದರೂ ಅದರ ಫಲವಾಗಿ 2019ರ ಮೇನಲ್ಲಿ ಬೆಂಗಳೂರಿನ ಅಷ್ಟೂ ಮೇಜು-ಕುರ್ಚಿಗಳು, ಅವುಗಳ ಮುಂದೆ ಕೂತವರ ಸಮೇತ, 79 ಲಕ್ಷ ಡಾಲರ್‌ಗೆ ಕೈ ಬದಲಾದವು. ಅದೃಷ್ಟಕ್ಕೆ ಕೊಂಡದ್ದು ಜಿಟಿಎ ಆಟಗಳನ್ನು ಮಾಡುವ ರಾಕ್‌ಸ್ಟಾರ್. ಬೆಂಗಳೂರಿನಲ್ಲಿ ಅವರದ್ದೊಂದು ಕಚೇರಿ ಆಗಲೇ ಇತ್ತು, ಧ್ರುವದವರು ಅದಕ್ಕೆ ಸೇರಿಕೊಂಡರು.

ರಾಕ್‌ಸ್ಟಾರ್ ಟೇಕ್-ಟೂ ಕಂಪನಿಯದು. 2009ರಲ್ಲಿ ಡ್ಯೂಕ್ ಮುಗಿಸಲು 60 ಲಕ್ಷ ಡಾಲರ್ ಕೊಡಲೊಲ್ಲದ ಅದೇ ಟೇಕ್-ಟೂ ಇವತ್ತು ಜಿಟಿಎ 6ಕ್ಕಾಗಿ ವರ್ಷಗಟ್ಟಲೆ ಕಾಯುತ್ತಿದೆ. ಅದರ ತಾಳ್ಮೆ ಹೆಚ್ಚಿತೆಂದು ನನಗೆ ಅನ್ನಿಸುವುದಿಲ್ಲ. 2013ರಲ್ಲಿ ಬಂದ ಜಿಟಿಎ 5 ಇಪ್ಪತ್ತು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿ ಇನ್ನೂ ಮಾರಾಟವಾಗುತ್ತಲೇ ಇದೆ, ಅದರ ಆನ್‌ಲೈನ್ ಆಟದಿಂದ ಪ್ರತಿ ತಿಂಗಳೂ ಹಣ ಬರುತ್ತದೆ. ಹಳೆಯ ಆಟ ಇವತ್ತಿಗೂ ದುಡಿದು ಹೊಸ ಆಟದ ಸಂಬಳ ಕೊಡುತ್ತಿದೆ. ತ್ರೀಡಿ ರೆಲ್ಮ್ಸ್‌ನಲ್ಲೂ ಹಳೆಯ ಆಟದ ದುಡ್ಡೇ ಹೊಸದನ್ನು ಸಾಕುತ್ತಿತ್ತು, ಆದರೆ ಆ ಒರತೆ ಬತ್ತುತ್ತಾ ಬಂದಿತ್ತು.

ಬೆಂಗಳೂರಿನಲ್ಲಿ ಗೇಮ್ ಆರ್ಟ್ ಕಲಿತು ಕೆಲಸ ಹುಡುಕುವ ಹುಡುಗ ಹುಡುಗಿಯರು ಸಂಬಳ ಎಷ್ಟು, ಯಾವ ಆಟ ಎಂದು ಕೇಳುತ್ತಾರೆ. ಇಂಟರ್‌ವ್ಯೂ ಮೇಜಿನಲ್ಲಿ ಕೂತಾಗ ಇನ್ನೆರಡು ಮಾತು ಕೇಳಿಕೊಳ್ಳಿ: ಈ ಸಂಬಳ ಬರುವುದು ಎಲ್ಲಿಂದ, ಆಟ ಒಂದು ವರ್ಷ ಮುಂದಕ್ಕೆ ಹೋದರೂ ಅದು ಬರುತ್ತದೆಯೇ? ಕೇಳಲು ಮುಜುಗರ ಪಡಬೇಕಿಲ್ಲ, ಒಳ್ಳೆಯ ಸ್ಟುಡಿಯೊದವರು ಉತ್ತರ ಹೇಳುತ್ತಾರೆ. 38 ಸ್ಟುಡಿಯೋಸ್‌ನ ಆ 379 ಜನರಿಗೆ ಉತ್ತರ ಗೊತ್ತಾದದ್ದು ಮೇ 15ರಂದು, ಖಾತೆಗೆ ಸಂಬಳ ಬೀಳದಿದ್ದಾಗ.